ಆರು ಸಿಲಿಂಡರಿನ ಮನೆ

ಈಗೀಗ ನಮ್ಮ ಗದಗ-ಬೆಟಗೇರಿಯ ಗ್ಯಾರೇಜುಗಳಿಗೂ ವ್ಯಾನಿನೊಳಗೆ ಹಾಸಿಗೆ, ಒಲೆ, ನೀರಿನ ಟಾಕಿ ಕೂಡಿಸಿಕೊಂಡು ಊರೂರು ತಿರುಗುವ ಜನ ಬರುತ್ತಿದ್ದಾರೆ. ಅಂಥ ಗಾಡಿ ಕಟ್ಟಿಕೊಡುವ ಹೊಸ ಮೆಕ್ಯಾನಿಕರು, ಅದನ್ನು ನಡೆಸಲು ಸೇರಿದ ಹೊಸ ಡ್ರೈವರುಗಳು ನನ್ನನ್ನು ಹುಡುಕಿಕೊಂಡು ಬಂದು ಮೊದಲು ಕೇಳುವುದು ಒಂದೇ ಮಾತು: ಹಿಂದೆ ಟ್ರೇಲರ್ ಎಳೆಯಬೇಕಾದರೆ ಎಂಜಿನ್ ಎಷ್ಟು ದೊಡ್ಡದಿರಬೇಕು? ಒಳಗೆ ಯಾರು ಮಲಗುತ್ತಾರೆ, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದು ಅವರು ನಗುತ್ತಾರೆ. ತಮಾಷೆ ಏನಲ್ಲ. ನಾನು ಹಾಗೆ ಕೇಳುವುದನ್ನು ಕಲಿತದ್ದು ಹೇಗೆಂದು ಬರೆದಿಟ್ಟರೆ ಅವರಿಗೂ ಉಪಯೋಗವಾದೀತು, ನನಗೂ ಎದೆ ಹಗುರಾದೀತು ಎಂದು ಕುಳಿತಿದ್ದೇನೆ.

ನನ್ನ ಹೆಸರು ಮೌಲಾಸಾಬ. ಊರು ಶಿಗ್ಲಿ. ಬೆಟಗೇರಿಯಲ್ಲಿ ಇಮಾಮಸಾಬ ಉಸ್ತಾದರ ಗ್ಯಾರೇಜಿನಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತೆ. ಕೆಲಸದ ಕೊನೆಯ ವರ್ಷಗಳನ್ನು ಹುಲಕೋಟಿಯ ಕಡೆ ಶಾಲೆಯ ಬಸ್ಸು ಓಡಿಸಿ ಮುಗಿಸಿದೆ. ನಡುವಿನ ವರ್ಷಗಳಲ್ಲಿ ನಾನೊಂದು ನಾಟಕ ಕಂಪನಿಯ ಡ್ರೈವರ್. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಗಾಡಿಯ ಕಾಗದಕ್ಕೆ, ಆಟದ ಪರವಾನಗಿಗೆ ಧಾರವಾಡಕ್ಕೆ ಅಲೆಯುವುದು ತಪ್ಪಿತು ಎಂದು ಕಂಪನಿಯವರೆಲ್ಲ ಖುಷಿಯಲ್ಲಿದ್ದರು.

ಕಂಪನಿಯ ಒಡತಿ ಕಮಲಕ್ಕ. ಮೊದಲು ನಾಯಕಿಯ ಪಾತ್ರ ಮಾಡುತ್ತಿದ್ದವರು, ನಾನು ಸೇರುವ ಹೊತ್ತಿಗೆ ತಾಯಿಯ ಪಾತ್ರಕ್ಕೆ ಬಂದಿದ್ದರು. ಆದರೂ ಅವರು ರಂಗದ ಮೇಲೆ ಬಂದರೆ ಸಿಳ್ಳೆ ಹೊಡೆಯುವ ಹುಡುಗರೂ ಸುಮ್ಮನಾಗುತ್ತಿದ್ದರು. ಅವರ ಗಂಡ ಗುರುಪಾದಪ್ಪ ಮಾಸ್ತರರು ಕಂಪನಿಯ ಹಾರ್ಮೋನಿಯಂ ಮಾಸ್ತರರು. ರಂಗದ ಮುಂದೆ, ಒಂದು ಬದಿಗೆ, ಅವರದೊಂದು ಕಾಯಂ ಜಾಗವಿತ್ತು. ಕಮಲಕ್ಕ ಹಾಡಲು ಬಾಯಿ ತೆರೆಯುವ ಮೊದಲು ಒಮ್ಮೆ ಆ ಕಡೆ ನೋಡುತ್ತಿದ್ದರು. ಮಾಸ್ತರರು ಶ್ರುತಿ ಕೊಡುತ್ತಿದ್ದರು. ಅಷ್ಟೇ ಅವರ ಸಂಸಾರ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಮಾಸ್ತರರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಗದಗಿನಲ್ಲಿ ಮನೆ ಹಿಡಿದು ಆಳಿಟ್ಟು ಅವರನ್ನು ಮಲಗಿಸಿದರು. ಕಂಪನಿ ಲಕ್ಷ್ಮೇಶ್ವರದಲ್ಲಿತ್ತು. ಮಾಸ್ತರರು ಉಣ್ಣುವುದನ್ನೇ ಬಿಟ್ಟರು. ಆಳುಮಗ ಬಂದು ಸುದ್ದಿ ಹೇಳಿದ ದಿನ ಕಮಲಕ್ಕ ಮುಖದ ಬಣ್ಣ ಒರೆಸಿಕೊಳ್ಳುತ್ತ ನನ್ನನ್ನು ಕರೆದರು.

"ಮೌಲಾ, ಮನಿ ಒಂದ ಕಡೆ, ಕಂಪನಿ ಒಂದ ಕಡೆ ಆದ್ರ ಈ ಮನಶಾ ಉಳಿಯಂಗಿಲ್ಲ. ಮನೀನ ಕಂಪನಿ ಹಿಂದ ಬರೂ ಹಂಗ ಮಾಡಾಕ ಆಗತೈತೇನು?"

"ಅಂದ್ರ ಹೆಂಗ್ರೀ ಅಕ್ಕಾರ?"

"ಒಂದ ಹಳೀ ಬಸ್ ತಗೊಂಡು ಒಳಗ ಮಂಚ ಹಾಕೂದು. ಫ್ಯಾನು, ದೀಪ, ಒಲಿ. ನಾವ್ ಹೋದಲ್ಲಿ ಅವ್ರು."

ನಾನು ಬೆಟಗೇರಿಗೆ ಓಡಿದೆ. ಉಸ್ತಾದರು ಬೀಡಿ ಬದಿಗಿಟ್ಟು ಎಲ್ಲ ಕೇಳಿಸಿಕೊಂಡರು. ಆಗಿನ ಕಾಲಕ್ಕೆ ನಮ್ಮ ಊರುಗಳಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಂಚದ ಮೇಲಿನ ಫ್ಯಾನು ನಿಲ್ಲಬಾರದೆಂದರೆ ಕಂಪನಿಯ ಜನರೇಟರ್ ಬಸ್ಸಿನ ಜೊತೆಗೇ ಇರಬೇಕು. ಅದನ್ನು ಬಸ್ಸಿನೊಳಗೆ ಇಟ್ಟರೆ ಸದ್ದಿಗೆ, ಹೊಗೆಗೆ ಆರೋಗ್ಯವಂತನೂ ಮಲಗಲಾರ. ಆದ್ದರಿಂದ ಎರಡು ಗಾಲಿಯ ಟ್ರೇಲರ್ ಮಾಡಿ, ಜನರೇಟರನ್ನೂ ದೀಪದ ಸಾಮಾನನ್ನೂ ಅದರ ಮೇಲೆ ಕೂಡಿಸಿ, ಬಸ್ಸಿನ ಹಿಂದೆ ಕೊಂಡಿ ಹಾಕಿ ಎಳೆಯುವುದು ಎಂದಾಯಿತು. ಪರದೆ, ಪೆಟ್ಟಿಗೆಗಳಿಗೆ ಎಂದಿನಂತೆ ಬಾಡಿಗೆ ಲಾರಿ.

ಇನ್ನು ಬಸ್ಸು ಯಾವುದು? ಉಸ್ತಾದರ ಪರಿಚಯದವರಲ್ಲಿ ಎರಡು ಹಳೆಯ ಗಾಡಿ ಮಾರಾಟಕ್ಕಿದ್ದವು. ಒಂದು ಗಿಡ್ಡ ಬಸ್ಸು, ನಾಲ್ಕು ಸಿಲಿಂಡರಿನ ಎಂಜಿನ್, ನಾಲ್ಕು ಲೀಟರಿಗೂ ತುಸು ಕಡಿಮೆ. ಇನ್ನೊಂದು ಉದ್ದನೆಯದು, ಆರು ಸಿಲಿಂಡರಿನದು, ಆರು ಲೀಟರಿನ ಹತ್ತಿರ ಹತ್ತಿರ. ಕಂಪನಿಯ ಮ್ಯಾನೇಜರ್ ಶಂಕ್ರಪ್ಪನವರು ಗಿಡ್ಡ ಬಸ್ಸಿನ ಪರ. ಬಿಳಿ ಧೋತರ, ಕಂಕುಳಲ್ಲಿ ಚೀಲ, ಯಾವಾಗಲೂ ಅವಸರದ ಮನುಷ್ಯ.

"ದೊಡ್ಡದು ಡೀಜಲ್ ನೀರ್ ಕುಡದಂಗ ಕುಡಿತೈತ್ರಿ. ಶಿರಹಟ್ಟಿ ಓಣ್ಯಾಗ ಹೊಳ್ಳಿ ತಿರಗಸಾಕೂ ಬರಂಗಿಲ್ಲ. ಸಣ್ಣದ ಸಾಕು," ಎಂದರು.

ಆ ಮಾತು ಸುಳ್ಳಾಗಿರಲಿಲ್ಲ. ಸಮ ರಸ್ತೆಯ ಮೇಲೆ ಟ್ರೇಲರ್ ಎಳೆಯಲು ಸಣ್ಣ ಎಂಜಿನ್ ಧಾರಾಳ ಸಾಕು. ನಾನೂ ಹಾಗೇ ಅಂದೆ. ಉಸ್ತಾದರು ಮಾತ್ರ, "ಗ್ಯಾರೇಜಿನ್ಯಾಗ ನಿಂತು ಲೆಕ್ಕಾ ಹಾಕಬ್ಯಾಡ್ರಿ. ಎರಡೂ ಗಾಡೀಗೆ ಅದ ಟ್ರೇಲರ್ ಕಟ್ಟಿ ಅದ ಏರು ಹತ್ತಿಸಿ ನೋಡೂಣು," ಎಂದರು. ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೋಗುವಾಗ ಕಪ್ಪತಗುಡ್ಡದ ಸೆರಗಿನಲ್ಲಿ ಒಂದು ಏರಿದೆ. ನೋಡಲು ಭಾರಿಯೇನಲ್ಲ, ಆದರೆ ಉದ್ದ. ಅಲ್ಲಿಗೆ ಹೋಗುವುದೆಂದು ನಿಶ್ಚಯವಾಯಿತು.

ಹೊರಡುವಾಗ ಕಮಲಕ್ಕ ಅಡ್ಡ ಬಂದರು. "ಒಳಗ ಯಾರನ್ನ ಕರಕೊಂಡು ಹೊಂಟೀರಿ?"

"ಮಾಸ್ತರರ ತೂಕಕ್ಕ ಉಸುಕಿನ ಚೀಲ ಹಾಕೇವ್ರೀ," ಎಂದೆ.

"ಚೀಲಕ್ಕ ತ್ರಾಸ ಆದ್ರ ಅದು ಹೇಳತೈತೇನು? ಅವ್ರನ್ನ ಬಿಟ್ಟು ಎಂಥಾ ಪರೀಕ್ಷಾ ಮಾಡ್ತೀರಿ ನೀವು?"

ಕೊನೆಗೆ ಮಾಸ್ತರರನ್ನೇ ಮಲಗಿಸಿಕೊಂಡು ಹೋದೆವು. ಮೊದಲು ಗಿಡ್ಡ ಬಸ್ಸು. ಬಯಲಿನಲ್ಲಿ ಚೆನ್ನಾಗಿಯೇ ಓಡಿತು. ಶಂಕ್ರಪ್ಪನವರು ನನ್ನ ಪಕ್ಕ ಕುಳಿತು, ನಾ ಹೇಳಲಿಲ್ಲವೇ ಎಂಬಂತೆ ಮೀಸೆ ತಿರುವುತ್ತಿದ್ದರು. ಏರು ಶುರುವಾದಾಗ ಮೂರನೇ ಗೇರಿಗೆ ಇಳಿಸಿದೆ. ಅರ್ಧಕ್ಕೆ ಎರಡನೆಯದು. ಎಂಜಿನ್ ಕಿರುಚತೊಡಗಿತು. ಪ್ರತಿ ಸಲ ಗೇರು ಬದಲಾಯಿಸಿದಾಗಲೂ ಹಿಂದಿನ ಟ್ರೇಲರ್ ಒಮ್ಮೆ ಜಗ್ಗಿ, ಮತ್ತೆ ಬಂದು ನೂಕುತ್ತಿತ್ತು. ರೇಡಿಯೇಟರಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಆದರೂ ಗಾಡಿ ಹತ್ತಿತು, ನಿಲ್ಲಲಿಲ್ಲ. ಎಂಜಿನ್ನಿನ ಲೆಕ್ಕದಲ್ಲಿ ಅದು ಪಾಸಾದಂತೆಯೇ.

ತುದಿಯಲ್ಲಿ ನಿಲ್ಲಿಸಿ ಹಿಂದಿರುಗಿ ನೋಡಿದೆ. ಮಾಸ್ತರರು ಎಡಗೈಯಿಂದ ಮಂಚದ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಮುಖ ಗೋಡೆಯ ಕಡೆಗಿತ್ತು. ಕಮಲಕ್ಕ ಅವರ ಕಿವಿಯ ಮೇಲೆ ತಮ್ಮ ಅಂಗೈ ಮುಚ್ಚಿಕೊಂಡು ಕುಳಿತಿದ್ದರು. ಮಾಸ್ತರರ ಕಣ್ಣಂಚಿನಲ್ಲಿ ನೀರಿತ್ತು. ಶಂಕ್ರಪ್ಪನವರು ಅದನ್ನು ನೋಡಿ ಕೆಳಗಿಳಿದರು.

ಮರುದಿನ ದೊಡ್ಡ ಬಸ್ಸು. ಅದೇ ಟ್ರೇಲರ್, ಅದೇ ಏರು. ಮೂರನೇ ಗೇರಿಗೆ ಹಾಕಿದ್ದಷ್ಟೇ ನನ್ನ ಕೆಲಸ. ಎಂಜಿನ್ ಅವಸರ ಮಾಡಲಿಲ್ಲ, ಉಸಿರುಗಟ್ಟಲಿಲ್ಲ. ತಗ್ಗಿನ ದನಿಯಲ್ಲಿ ಒಂದೇ ಸಮ ಗುಂಯ್ ಎನ್ನುತ್ತ ಹತ್ತತೊಡಗಿತು. ಸ್ವಲ್ಪ ಹೊತ್ತಿಗೆ ಆ ದನಿಯ ಜೊತೆಗೆ ಇನ್ನೊಂದು ದನಿ ಕೇಳಿಸಿತು. ನಾನು ಬೇರಿಂಗೇನೋ ಹೋಯಿತು ಎಂದುಕೊಂಡೆ. ಪಕ್ಕದಲ್ಲಿದ್ದ ಉಸ್ತಾದರು ನನ್ನ ತೊಡೆ ತಟ್ಟಿ, ಹಿಂದೆ ಕೇಳು ಎಂದು ಸನ್ನೆ ಮಾಡಿದರು.

ಮಾಸ್ತರರು ಗುನುಗುತ್ತಿದ್ದರು. ಎಂಜಿನ್ನಿನ ದನಿಯನ್ನೇ ಶ್ರುತಿ ಮಾಡಿಕೊಂಡು, ಹಳೆಯ ರಂಗಗೀತೆಯೊಂದರ ಧಾಟಿಯನ್ನು ಮೂಗಿನೊಳಗೇ ಎಳೆಯುತ್ತಿದ್ದರು. ಎಡಗೈಯ ಬೆರಳುಗಳು ಚಾದರದ ಮೇಲೆ ಹಾರ್ಮೋನಿಯಂನ ಕಪ್ಪು-ಬಿಳಿ ಮನೆಗಳನ್ನು ಒತ್ತಿದಂತೆ ಆಡುತ್ತಿದ್ದವು. ಲಕ್ವಾ ಹೊಡೆದ ಮೇಲೆ ಅವರ ಗಂಟಲಿನಿಂದ ಬಂದ ಮೊದಲ ದನಿ ಅದು. ಏರು ಅಲ್ಲಿ ತುಸು ಸಡಿಲಾಗುತ್ತದೆ. ಅಭ್ಯಾಸಬಲದಿಂದ ನನ್ನ ಕೈ ಗೇರಿನ ಕೋಲಿಗೆ ಹೋಯಿತು.

"ಮೌಲಾ!" ಕಮಲಕ್ಕ ಹಿಂದಿನಿಂದ ಕೂಗಿದರು. "ಗೇರ್ ಬದಲಿ ಮಾಡಬ್ಯಾಡೋ. ಹಿಂಗ ಹೋಗಲಿ. ಹಿಂಗ ಹೋಗಲೋ ನನ್ನಪ್ಪಾ."

ತುದಿಯವರೆಗೂ, ತುದಿ ದಾಟಿದ ಮೇಲೂ, ಅದೇ ಗೇರಿನಲ್ಲಿ, ಕಾಲಿನ ಒತ್ತಡ ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ಓಡಿಸಿದೆ. ಆ ದಿನದಷ್ಟು ಮೃದುವಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ. ಡೀಸೆಲ್ಲಿನ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ದೊಡ್ಡ ಬಸ್ಸೇ ನಮ್ಮದಾಯಿತು.

ಹೊಸ ಜಿಲ್ಲೆಯ ಕಚೇರಿಯಲ್ಲಿ ಗಾಡಿ ತಪಾಸಣೆಗೆ ಹೋದಾಗ ಸಾಹೇಬರು ಒಳಗೆ ಬಂದು ಮಂಚ, ಒಲೆ, ಗೋಡೆಗೆ ತೂಗುಹಾಕಿದ ಕನ್ನಡಿ ಎಲ್ಲ ನೋಡಿದರು. "ಇದನ್ನ ಬಸ್ ಅಂತ ಬರೀಲೋ, ಮನಿ ಅಂತ ಬರೀಲೋ?" ಎಂದು ನಕ್ಕರು.

"ಮನೀನ ಅಂತ ಬರೀರಿ ಸಾಹೇಬ್ರ. ಅಂಗಳ ಅಷ್ಟ ದಿನಾ ಬದಲಿ ಆಗತೈತಿ," ಎಂದರು ಕಮಲಕ್ಕ.

ಸಾಹೇಬರು ಮಾಸ್ತರರಿಗೆ ಕೈಮುಗಿದು, ಗ್ಯಾಸಿನ ಸಿಲಿಂಡರಿಗೆ ಇನ್ನೊಂದು ಪಟ್ಟಿ ಬಿಗಿಸಲು ಹೇಳಿ, ಕೆಳಗಿಳಿದು ಹೋದರು. ನಾನು ಆ ಪಟ್ಟಿಯನ್ನು ಅಲ್ಲೇ ನಿಂತು ಬಿಗಿದೆ. ಅವರು ಹೇಳದಿದ್ದರೆ ನಮಗದು ಹೊಳೆಯುತ್ತಲೇ ಇರಲಿಲ್ಲ.

ಆಮೇಲಿನ ವರ್ಷಗಳನ್ನು ಹೇಗೆ ಹೇಳಲಿ? ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮತ್ತೆ ಗದಗ. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಒಮ್ಮೆ ಮೆಣಸಿನಕಾಯಿ ಹೊಲ, ಒಮ್ಮೆ ಹತ್ತಿ ತುರುಕಿದ ಅಂಡಿಗೆ ಚೀಲ, ಒಮ್ಮೆ ಯಾವುದೋ ಶಾಲೆಯ ಗೋಡೆ. ಕಮಲಕ್ಕ ಒಲೆಯ ಮೇಲೆ ಚಹಾ ಇಟ್ಟು ಮೊದಲ ಬಸಿ ಮಾಸ್ತರರಿಗೆ ಕುಡಿಸಿ, ಎರಡನೆಯದನ್ನು ಕಿಟಕಿಯಿಂದ ನನಗೆ ಕೊಡುತ್ತಿದ್ದರು. ಬಸ್ಸಿನೊಳಗೆ ಡೀಸೆಲ್ಲಿನ ವಾಸನೆ, ಮುಖಕ್ಕೆ ಹಚ್ಚುವ ಸಫೇದಿಯ ವಾಸನೆ, ಮಾಸ್ತರರ ಬೆನ್ನಿಗೆ ತಿಕ್ಕುವ ಎಣ್ಣೆಯ ವಾಸನೆ ಎಲ್ಲ ಕೂಡಿ ಒಂದೇ ಆಗಿದ್ದವು. ಈಗಲೂ ಯಾವುದಾದರೂ ಹಳೆಯ ಬಸ್ಸಿನ ಬಾಗಿಲು ತೆರೆದಾಗ ಆ ವಾಸನೆ ಹುಡುಕುತ್ತೇನೆ. ಅದರಲ್ಲಿ ಒಂದು ಪಾಲು ಸಿಗುತ್ತದೆ, ಉಳಿದದ್ದು ಸಿಗುವುದಿಲ್ಲ. ಶಿಗ್ಲಿಗೆ ನಾಲ್ಕು ದಿನದ ರಜೆಯ ಮೇಲೆ ಹೋದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. "ನಿಮಗ ಮನಿ ನಿಂತಲ್ಲೇ ನಿಂತ್ರ ಸಮಾಧಾನ ಇಲ್ಲ ನೋಡ್ರಿ," ಎಂದು ನನ್ನ ಹೆಂಡತಿ ಜುಬೇದಾ ನಗುತ್ತಿದ್ದಳು. ನಗುವಿನ ಹಿಂದೆ ಬೇಸರವೂ ಇತ್ತು. ನನಗೆ ತಿಳಿಯುತ್ತಿತ್ತು.

ಒಂದು ಸಲ ನನಗೆ ಜ್ವರ ಬಂದು ಶಿಗ್ಲಿಯಲ್ಲಿ ಮಲಗಿದ್ದೆ. ಕಂಪನಿ ಮುಂಡರಗಿಗೆ ಹೋಗಬೇಕಿತ್ತು. ಬದಲಿ ಡ್ರೈವರನನ್ನು ಕರೆಸಿದರು. ಅದೇ ಗುಡ್ಡದ ಇಳಿಜಾರಿನಲ್ಲಿ ಶಂಕ್ರಪ್ಪನವರು ಡೀಸೆಲ್ ಉಳಿಸಲೆಂದು, "ನ್ಯೂಟ್ರಲ್ ಮಾಡಿ ಬಿಡಪಾ, ತಾನ ಇಳಿತೈತಿ," ಎಂದರಂತೆ. ಅವನು ಹಾಗೇ ಮಾಡಿದ. ಬರಿಯ ಬಸ್ಸಾಗಿದ್ದರೆ ಬ್ರೇಕು ತಡೆಯುತ್ತಿತ್ತು. ಹಿಂದೆ ಜನರೇಟರಿನ ಭಾರ. ಟ್ರೇಲರ್ ಹಿಂದಿನಿಂದ ನೂಕಿ, ಬಸ್ಸು ರಸ್ತೆಯ ಈ ಅಂಚಿಗೆ ಆ ಅಂಚಿಗೆ ಹೊಯ್ದಾಡಿ, ಕೊನೆಗೆ ಒಂದು ಸಜ್ಜೆಯ ಹೊಲಕ್ಕೆ ನುಗ್ಗಿ ನಿಂತಿತು. ಮಾಸ್ತರರು ಮಂಚದಿಂದ ಕೆಳಗೆ ಬಿದ್ದಿದ್ದರು. ಹಣೆ ಒಡೆದಿತ್ತು.

ಜ್ವರದಲ್ಲೇ ಹೋದೆ. ಕಮಲಕ್ಕ ಬೈಯುತ್ತಿರಬಹುದು ಎಂದುಕೊಂಡಿದ್ದೆ. ಅವರು ಸುಮ್ಮನೆ ಮಾಸ್ತರರ ಹಣೆಗೆ ಅರಿಷಿಣ ಒತ್ತುತ್ತ ಕುಳಿತಿದ್ದರು. ಶಂಕ್ರಪ್ಪನವರು ಹೊಲದ ಬದುವಿನ ಮೇಲೆ ಕುಳಿತು ಅಳುತ್ತಿದ್ದರು. ಬಿಳಿಯ ಧೋತರದ ತುಂಬ ಮಣ್ಣು.

"ಮೌಲಾ, ನನ್ನ ಬುದ್ಧಿ ಸುಟ್ಟಿತ್ತೋ," ಎಂದರು.

"ದೊಡ್ಡ ಎಂಜಿನ್ ತಗೊಂಡಿದ್ದು ಹತ್ತಾಕ ಅಷ್ಟ ಅಲ್ರಿ ಯಜಮಾನರ. ಇಳಿಯೂವಾಗ ಅದ ಹಿಡಕೋತೈತಿ. ಗೇರಿನಾಗ ಬಿಟ್ರ ಅದರ ತಾಕತ್ತು ಬ್ರೇಕಿಗೂ ಬರತೈತಿ," ಎಂದೆ.

ಹೊಸಬರು ಇದೊಂದನ್ನು ನೆನಪಿಡಬೇಕು. ಟ್ರೇಲರ್ ಎಳೆಯುವವನ ನಿಜವಾದ ಕೆಲಸ ಇಳಿಜಾರಿನಲ್ಲಿ. ಆ ದಿನದ ನಂತರ ಯಾವ ಇಳಿಜಾರು ಬಂದರೂ ಶಂಕ್ರಪ್ಪನವರು ನನ್ನ ಪಕ್ಕದಿಂದ ಎದ್ದು ಹಿಂದೆ ಹೋಗಿ ಮಾಸ್ತರರ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಅವರ ಹೆಗಲಿಗೆ ಕೈಯಿಟ್ಟುಕೊಳ್ಳುತ್ತಿದ್ದರು. ಯಾರೂ ಹೇಳಿರಲಿಲ್ಲ. ಬರಬರುತ್ತ ಇಬ್ಬರಿಗೂ ಅದು ರೂಢಿಯಾಯಿತು. ಸಮ ರಸ್ತೆಯಲ್ಲೂ ಅವರು ಅಲ್ಲೇ ಕುಳಿತಿರುತ್ತಿದ್ದರು, ದಿನಪತ್ರಿಕೆ ಓದಿ ಹೇಳುತ್ತಿದ್ದರು.

ದೊಡ್ಡ ಗಾಡಿಯಿಂದ ಫಜೀತಿಯೂ ಆಗಿದೆ. ಲಕ್ಷ್ಮೇಶ್ವರದ ಹತ್ತಿರ ಎರೆ ಹೊಲದಲ್ಲಿ ಠಿಕಾಣಿ ಹೂಡಿದ್ದಾಗ ಒಂದು ಅಡ್ಡಮಳೆ ಬಂತು. ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಭಾರಕ್ಕೆ ಮುಂದಿನ ಗಾಲಿ ಅರ್ಧ ಒಳಗೆ. ಎಕ್ಸಿಲರೇಟರ್ ಎಷ್ಟು ಒತ್ತಿದರೆ ಹಿಂದಿನ ಗಾಲಿಯೂ ಅಷ್ಟು ಆಳ. ಆರು ಸಿಲಿಂಡರಿನ ಬಲವೆಲ್ಲ ತನ್ನನ್ನೇ ಹೂಳಿಕೊಳ್ಳಲು ಖರ್ಚಾಯಿತು. ಪಕ್ಕದ ಹೊಲದ ರೈತ ಬಂದು, ಒಳಗಿಂದ ಕೈಬೀಸುತ್ತಿದ್ದ ಮಾಸ್ತರರನ್ನು ನೋಡಿ, "ಇವ್ರು ನಮ್ಮ ಹಾರ್ಮೋನಿ ಮಾಸ್ತರಲ್ಲೇನ್ರಿ?" ಎಂದವನೇ ಓಣಿಯ ಜನರನ್ನೆಲ್ಲ ಕರೆತಂದ. ಟ್ರೇಲರಿನ ಕೊಂಡಿ ಬಿಚ್ಚಿ, ಗಾಲಿಯ ಕೆಳಗೆ ಒಣಗಿದ ಹತ್ತಿಗಿಡದ ಕಟಿಗೆ ತುಂಬಿ, ಹಗ್ಗ ಕಟ್ಟಿ ಎಳೆದರು. ಗಾಡಿ ಮೇಲೆ ಬಂದಾಗ ಎಲ್ಲರೂ ಕೂಗು ಹಾಕಿದರು. ಮಾಸ್ತರರು ಮಗುವಿನಂತೆ ನಗುತ್ತಿದ್ದರು. ಕಮಲಕ್ಕ ಕೆಸರಿನಲ್ಲೇ ನಿಂತು ಅವರಿಗೆಲ್ಲ ಒಂದು ಪದ ಹಾಡಿದರು.

ಮಾಸ್ತರರು ಹೋದದ್ದು ಮುಂಡರಗಿಯ ಠಿಕಾಣಿಯಲ್ಲಿ, ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು. ನಾನು ಜನರೇಟರ್ ಹಚ್ಚಿ, ಅದರ ನೆರಳಿನಲ್ಲೇ ನಟ್ಟು ಬಿಗಿಯುತ್ತ ಕುಳಿತಿದ್ದೆ. ಕಮಲಕ್ಕ ಮಾಸ್ತರರ ಪಕ್ಕದಲ್ಲಿದ್ದರು. ಶಂಕ್ರಪ್ಪನವರು ಬಸ್ಸಿನಿಂದ ಇಳಿದು ನಿಧಾನವಾಗಿ ನನ್ನ ಕಡೆ ಬಂದರು. ಅವರು ನಿಧಾನವಾಗಿ ನಡೆದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಮೌಲಾ, ಜನರೇಟರ್ ಬಂದ್ ಮಾಡಪಾ. ಇನ್ನ ಫ್ಯಾನ್ ಬ್ಯಾಡ," ಎಂದರು.

ಬಂದ್ ಮಾಡಿದೆ. ಅಷ್ಟು ದೊಡ್ಡ ಬಯಲು ಒಮ್ಮೆಲೇ ಸುಮ್ಮನಾಯಿತು.

ಆ ಮೇಲೆಯೂ ಕಂಪನಿ ಕೆಲಕಾಲ ನಡೆಯಿತು. ಕಮಲಕ್ಕ ರಂಗದ ಮೇಲೆ ಬರುತ್ತಿದ್ದರು, ಹಾಡುತ್ತಿದ್ದರು. ಹೊಸ ಹಾರ್ಮೋನಿಯಂನವನು ಒಳ್ಳೆಯ ಹುಡುಗ, ಚೆನ್ನಾಗಿಯೇ ನುಡಿಸುತ್ತಿದ್ದ. ಆದರೆ ಅವರು ಆ ಬದಿಗೆ ನೋಡುವುದನ್ನು ಬಿಟ್ಟಿದ್ದರು. ಒಂದು ಮಳೆಗಾಲದಲ್ಲಿ ಕಂಪನಿ ನಿಂತಿತು, ಮತ್ತೆ ಏಳಲಿಲ್ಲ. ಪರದೆಗಳು ಬೇರೆ ಕಂಪನಿಗೆ ಹೋದವು. ಟ್ರೇಲರ್, ಜನರೇಟರ್ ಶಾಮಿಯಾನದವರಿಗೆ ಹೋದವು. ಬಸ್ಸನ್ನು ರಸ್ತೆ ಕೆಲಸದ ಗುತ್ತಿಗೆದಾರರೊಬ್ಬರು ತಮ್ಮ ಕೂಲಿಯವರು ಮಲಗಲೆಂದು ಕೇಳಿದರು. ಕೊಡುವ ದಿನ ಬೆಳಿಗ್ಗೆ ಕಮಲಕ್ಕ, "ಒಂದ ಸುತ್ತ ಹೋಗಿ ಬರೂಣು ನಡಿ," ಎಂದರು.

ಇಬ್ಬರೇ ಹೊರಟೆವು. ಹಿಂದೆ ಟ್ರೇಲರಿಲ್ಲ. ಅಷ್ಟು ದೊಡ್ಡ ಎಂಜಿನ್ನಿಗೆ ಎಳೆಯಲು ಏನೂ ಇರಲಿಲ್ಲ. ಗುಡ್ಡದ ಏರನ್ನು ಟಾಪ್ ಗೇರಿನಲ್ಲೇ ಹತ್ತಿಬಿಟ್ಟಿತು. ಹೊಸ ಡ್ರೈವರನಿಗೆ ಅದು ಖುಷಿಯ ಸಂಗತಿ. ನನಗೆ ಮಾತ್ರ ಎಲ್ಲಾದರೂ ಒಂದಿಷ್ಟು ತಿಣುಕಲಿ ಎನ್ನಿಸುತ್ತಿತ್ತು. ಕಮಲಕ್ಕ ನನ್ನ ಪಕ್ಕದ ಸೀಟಿನಲ್ಲಿ ಕುಳಿತಿದ್ದರು, ಹಿಂದೆ ಹೋಗಿ ಕುಳಿತುಕೊಳ್ಳಲಿಲ್ಲ. ಕೊರ್ಲಹಳ್ಳಿಯಲ್ಲಿ ಹೊಳೆಯ ದಂಡೆಗೆ ಇಳಿದು ಮುಖ ತೊಳೆದುಕೊಂಡರು. ಅಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

"ಮುಂದ ಏನ್ ಮಾಡ್ತೀ?" ಎಂದು ಕೇಳಿದರು.

"ಸಾಲಿ ಬಸ್ ಐತಂತ್ರಿ, ಹುಲಕೋಟಿ ಕಡೆ. ಬಾ ಅಂದಾರ."

"ಚಲೋ ಆತು. ಹುಡುಗೂರು ಗದ್ದಲಾ ಮಾಡ್ತಾವು. ನಿನಗ ಅಡ್ಡಿಲ್ಲ." ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. "ನನಗ ಗದಗಿನ್ಯಾಗ ಹಿಡದಿರೂ ಆ ಖೋಲ್ಯಾಗ ಗದ್ದಲ ಮಾಡಾಕ ಯಾರೂ ಇಲ್ಲ ನೋಡು."

ರೊಟ್ಟಿ ಕಟ್ಟಿದ ಅರಿವೆಯನ್ನು ಮಡಿಚಿಟ್ಟೆ.

ಹೊತ್ತು ಇಳಿಯುವಾಗ ಗದಗ ಮುಟ್ಟಿದೆವು. ಗುತ್ತಿಗೆದಾರರ ಕಡೆಯವನು ಬಯಲಿನಲ್ಲಿ ಕಾಯುತ್ತ ನಿಂತಿದ್ದ. ಎಂಜಿನ್ ಬಂದ್ ಮಾಡಿ ಕೀಲಿಯನ್ನು ಕಮಲಕ್ಕನ ಕೈಗೆ ಕೊಟ್ಟೆ. ಅವರು ಇಳಿದು ಮುಂದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಇನ್ನೂ ಬಿಸಿ ಐತಿ," ಎಂದರು.

"ಬಿಸಿ ಇದ್ರೇನಾತ್ರೀ ಅವ್ವಾರ? ನಾ ಹಂಗ ಒಯ್ತೀನಿ, ಕೊಡ್ರಿ," ಎಂದ ಅವನು.

"ಬಿಸಿ ಇದ್ದಾಗ ಕೊಡಾಕ ಮನಸ ಒಲ್ಲದಪಾ. ಆರಲಿ, ತಡಿ."

ಅವನು ನನ್ನ ಮುಖ ನೋಡಿದ. ಚಹಾ ಕುಡಿದು ಬಾ ಎಂದು ನಾನು ಅವನನ್ನು ಕಳಿಸಿದೆ. ಸಣ್ಣ ಎಂಜಿನ್ ಆಗಿದ್ದರೆ ಬೇಗ ಆರುತ್ತಿತ್ತು. ಇದರಲ್ಲಿ ಕಬ್ಬಿಣ ಬಹಳ, ನೀರು ಬಹಳ. ನಾವಿಬ್ಬರೂ ಮುಂದಿನ ಬಂಪರಿಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಳಿತೆವು. ಒಳಗೆ ಕಬ್ಬಿಣ ಟಣ್, ಟಣ್ ಎಂದು ಬಿಟ್ಟು ಬಿಟ್ಟು ಸದ್ದು ಮಾಡುತ್ತಿತ್ತು. ಆ ಸದ್ದು ನಡುವೆ ನಡುವೆ ಅಂತರ ಕೊಡುತ್ತ, ಅಂತರ ಉದ್ದವಾಗುತ್ತ ಹೋಯಿತು. ಚಹಾ ಕುಡಿದವನು ಬಂದು, ನಮ್ಮನ್ನು ನೋಡಿ, ಏನನ್ನಿಸಿತೋ, ತುಸು ದೂರದಲ್ಲಿ ಕಲ್ಲಿನ ಮೇಲೆ ಕುಳಿತ.

ಕಮಲಕ್ಕ ಎದ್ದು ಮತ್ತೆ ಅಂಗೈ ಇಟ್ಟು ನೋಡಿದರು. ಕೈ ತೆಗೆಯದೆ ಬಹಳ ಹೊತ್ತು ನಿಂತರು. ಆಮೇಲೆ ಅವನನ್ನು ಹತ್ತಿರ ಕರೆದು ಕೀಲಿ ಕೊಟ್ಟರು.

"ಆತು," ಎಂದರು.